ಹಳೆಯ ಕಾರು ಮತ್ತು ಮಾರುವವನ ಮಾತು

ನೀರೊಳಗಿನ ಎಮ್ಮೆಗೆ ಬೆಲೆ ಕಟ್ಟಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನೀರಿನ ಮೇಲೆ ಕಾಣುವುದು ಎರಡು ಕೊಂಬು, ಒಂದಿಷ್ಟು ಬೆನ್ನು. ಕಾಲು ಕುಂಟೋ, ಕೆಚ್ಚಲು ಬತ್ತಿದೆಯೋ, ಅದನ್ನು ಬಲ್ಲವನು ಎಮ್ಮೆಯ ಯಜಮಾನನೊಬ್ಬನೇ. ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆನಿಂತ ನಮ್ಮ ಮನೆಗಳಲ್ಲಿ ಈಗ ಎಮ್ಮೆ ಕೊಳ್ಳುವ ಪ್ರಮೇಯವಿಲ್ಲ. ಆದರೆ ಕಾರು ಕೊಳ್ಳುತ್ತೇವೆ. ಮನೆಯ ಹುಡುಗರಲ್ಲಿ ಕೆಲವರಿಗೆ ಸಾಧಾರಣ ಕಾರು ಸಾಲದು. ಎರಡೇ ಬಾಗಿಲಿನ, ನೆಲಕ್ಕೆ ತಗ್ಗಿ ಓಡುವ ಸ್ಪೋರ್ಟ್ಸ್ ಕಾರೇ ಆಗಬೇಕು. ಹೊಸದರ ಬೆಲೆ ಕೈಗೆ ಎಟುಕುವುದಿಲ್ಲ. ಹಾಗಾಗಿ ಹಳೆಯ ಕಾರು ಮಾರುವ ಡೀಲರನಲ್ಲಿಗೆ ಹೋಗುತ್ತಾರೆ. ಅವನು ನಗುತ್ತ ಬೀಗದ ಕೈ ಕೊಟ್ಟು, ಒಂದು ಸುತ್ತು ಓಡಿಸಿ ನೋಡಿ ಎನ್ನುತ್ತಾನೆ. ಆ ಒಂದು ಸುತ್ತಿನಲ್ಲಿ ತಿಳಿಯುವುದೆಷ್ಟು? ತಿಳಿಯದೆ ಉಳಿದದ್ದಕ್ಕೆ ಹೊಣೆ ಯಾರು? ಈ ಪ್ರಶ್ನೆಗೆ ಸಾಕಷ್ಟು ದೀರ್ಘವಾದ ಇತಿಹಾಸವಿದೆ. ಅದರ ನಡುವೆ ನಿಂತಿರುವುದು ಒಂದು ಬೆಂಟ್ಲಿ ಕಾರು.

ಬೆಂಟ್ಲಿ ಎಂಬುದು ಇಂಗ್ಲೆಂಡಿನಲ್ಲಿ 1919ರಲ್ಲಿ ಹುಟ್ಟಿದ ಕಂಪನಿ. ಫ್ರಾನ್ಸಿನ ಲ ಮಾನ್ ಊರಿನಲ್ಲಿ ನಡೆಯುವ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಅದರ ಕಾರುಗಳು 1924ರಲ್ಲಿ ಒಮ್ಮೆ, ಅನಂತರ 1927ರಿಂದ 1930ರವರೆಗೆ ಸತತವಾಗಿ ನಾಲ್ಕು ಸಲ ಗೆದ್ದವು. ಇಷ್ಟಾದರೂ ಕಂಪನಿ ಉಳಿಯಲಿಲ್ಲ. 1931ರಲ್ಲಿ ರೋಲ್ಸ್ ರಾಯ್ಸ್ ಅದನ್ನು ಕೊಂಡುಕೊಂಡಿತು. ಅದಾದ ಮೇಲೆ ಬಂದ ಬೆಂಟ್ಲಿಗಳನ್ನು ಸದ್ದಿಲ್ಲದ ಸ್ಪೋರ್ಟ್ಸ್ ಕಾರು ಎಂದು ಜಾಹೀರುಪಡಿಸುತ್ತಿದ್ದರು. ಓಟದ ಕಾರಿನ ಕೀರ್ತಿ, ಶ್ರೀಮಂತರ ಮನೆಯ ಗಾಂಭೀರ್ಯ, ಎರಡೂ ಕೂಡಿದ್ದರಿಂದ ಹಳೆಯ ಬೆಂಟ್ಲಿಗೂ ಒಳ್ಳೆಯ ಗಿರಾಕಿ ಇತ್ತು.

ಅಂಥ ಗಿರಾಕಿಗಳಲ್ಲಿ ಒಬ್ಬರ ಹೆಸರೂ ಕಾಕತಾಳೀಯವಾಗಿ ಬೆಂಟ್ಲಿ ಎಂದೇ ಇತ್ತು. ಡಿಕ್ ಬೆಂಟ್ಲಿ ಎಂಬ ಈತ ಹಳೆಯ ಕಾರುಗಳ ವ್ಯಾಪಾರಿಯೊಬ್ಬನಿಗೆ, ಚೆನ್ನಾಗಿ ಪರೀಕ್ಷಿಸಿದ, ಪೂರ್ವಚರಿತ್ರೆ ಗೊತ್ತಿರುವ ಒಂದು ಬೆಂಟ್ಲಿ ಬೇಕೆಂದು ಹೇಳಿಟ್ಟಿದ್ದರು. 1960ರ ಜನವರಿಯಲ್ಲಿ ವ್ಯಾಪಾರಿ ಅಂಥದೊಂದು ಸಿಕ್ಕಿದೆಯೆಂದು ತಿಳಿಸಿದ. ಮೇಲಿನ ಹೊದಿಕೆ ಯಂತ್ರದಿಂದಲೇ ತೆರೆದು ಮುಚ್ಚುವ ಸೊಗಸಾದ ಕಾರು ಅದು. ಮೊದಲು ಜರ್ಮನಿಯ ಒಬ್ಬ ಬ್ಯಾರನ್ನನ ಬಳಿ ಇತ್ತೆಂದೂ, ಎಂಜಿನ್ ಮತ್ತು ಗೇರ್ ಬಾಕ್ಸ್ ಬದಲಾಯಿಸಿದ ಮೇಲೆ ಓಡಿರುವುದು 20,000 ಮೈಲಿ ಮಾತ್ರವೆಂದೂ ವ್ಯಾಪಾರಿ ಹೇಳಿದ. ಮೀಟರೂ ಅಷ್ಟನ್ನೇ ತೋರಿಸುತ್ತಿತ್ತು. ಅದೇ ದಿನ ಬೆಂಟ್ಲಿಯವರು ಪತ್ನಿಯನ್ನು ಕರೆತಂದು ಕಾರು ತೋರಿಸಿದರು. ಬೆಳಿಗ್ಗೆ ಕೇಳಿದ ಮಾತನ್ನೆಲ್ಲ ವ್ಯಾಪಾರಿಯ ಎದುರಿನಲ್ಲೇ ಆಕೆಗೆ ಮತ್ತೊಮ್ಮೆ ಹೇಳಿದರು. ಕಾರನ್ನು ಸ್ವಲ್ಪ ದೂರ ಓಡಿಸಿಯೂ ನೋಡಿದ್ದಾಯಿತು. 1,850 ಪೌಂಡಿಗೆ ವ್ಯಾಪಾರ ಕುದುರಿತು.

ಕಾರು ಮನೆಗೆ ಬಂದ ಮೇಲೆ ತೊಂದರೆಗಳು ಒಂದರ ಹಿಂದೊಂದು ತಲೆಯೆತ್ತಿದವು. ಕೊನೆಗೆ ಹೊರಬಿದ್ದ ಸಂಗತಿಯೆಂದರೆ, ಆ ಕಾರು ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಓಡಿತ್ತು. ಕೊಳ್ಳುವವರು ಕಣ್ಣಾರೆ ನೋಡಿದ್ದರು, ಓಡಿಸಿ ನೋಡಿದ್ದರು, ಒಪ್ಪಿ ಹಣ ಕೊಟ್ಟಿದ್ದರು. ಹೀಗಿರುವಾಗ ನಷ್ಟ ಯಾರದು?

ವಾಹನವನ್ನು ಪರೀಕ್ಷಿಸಿ ಕೊಳ್ಳುವ ಪ್ರಶ್ನೆ ಮೋಟಾರಿನ ಜೊತೆಗೆ ಹುಟ್ಟಿದ್ದಲ್ಲ. ಗಾಡಿ ಎಳೆಯುವ ಎತ್ತಿನ ಕಾಲದಲ್ಲಿಯೂ ಅದು ಇತ್ತು; ನಮ್ಮ ಧರ್ಮಶಾಸ್ತ್ರಕಾರರು ಅದನ್ನು ಕ್ರೀತಾನುಶಯ, ಎಂದರೆ ಕೊಂಡ ಮೇಲಿನ ಪಶ್ಚಾತ್ತಾಪ, ಎಂಬ ಪ್ರತ್ಯೇಕ ವ್ಯವಹಾರವಾಗಿಯೇ ಎಣಿಸಿದರು. ಪರೀಕ್ಷೆಗೆ ಎಷ್ಟು ದಿನವೆಂಬುದನ್ನು ಯಾಜ್ಞವಲ್ಕ್ಯ ಸ್ಮೃತಿ ಲೆಕ್ಕ ಹಾಕಿ ಹೇಳುತ್ತದೆ. ಬಿತ್ತನೆಯ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ಹೊರೆ ಹೊರುವ, ಗಾಡಿ ಎಳೆಯುವ ಪ್ರಾಣಿಗೆ ಐದು ದಿನ. ದಾಸದಾಸಿಯರೂ ಆ ಪಟ್ಟಿಯಲ್ಲಿರುವುದು ಆ ಕಾಲದ ಕಳಂಕ, ಅದನ್ನು ಮರೆಮಾಚಬೇಕಾಗಿಲ್ಲ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಗೊತ್ತುಪಡಿಸಿದ ದಿನಗಳೊಳಗೆ ದೋಷ ಕಂಡರೆ ವಸ್ತುವನ್ನು ಹಿಂತಿರುಗಿಸಬಹುದು, ಅವಧಿ ಕಳೆದ ಮೇಲೆ ಇಲ್ಲ ಎಂಬುದು ಅಲ್ಲಿಯ ನಿಯಮ. ಎತ್ತಿನ ಗುಣ ಒಂದೇ ಸುತ್ತಿನಲ್ಲಿ ತಿಳಿಯುವುದಿಲ್ಲವೆಂಬ ಲೋಕಾನುಭವ ಆ ಐದು ದಿನಗಳ ಹಿಂದೆ ಇದ್ದಿರಬೇಕು.

ಇಂಗ್ಲಿಷರ ಹಳೆಯ ಕಾನೂನು ಇಷ್ಟು ಉದಾರವಾಗಿರಲಿಲ್ಲ. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಅದರ ಮೂಲಸೂತ್ರ. 1893ರ ಸರಕು ಮಾರಾಟ ಕಾಯಿದೆಯಲ್ಲಿ ಈ ಸೂತ್ರಕ್ಕೆ ಕೆಲವು ವಿನಾಯಿತಿಗಳು ಬಂದವು. ಅದರ ಮಾದರಿಯಲ್ಲೇ ನಮ್ಮ ದೇಶದ 1930ರ ಕಾಯಿದೆ ರಚಿತವಾಯಿತು. ಇಂದಿಗೂ ಅದು ಜಾರಿಯಲ್ಲಿದೆ. ವ್ಯಾಪಾರಿಯು ವರ್ಣನೆ ಹೇಳಿ ಮಾರಿದ ಸರಕು ಮಾರಾಟಯೋಗ್ಯವಾಗಿರಬೇಕೆಂದು ಅದರ 16ನೆಯ ಕಲಮು ಹೇಳುತ್ತದೆ. ಜೊತೆಗೇ ಒಂದು ತಡೆಯನ್ನೂ ಹಾಕುತ್ತದೆ: ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಗಳಿಗೆ ಈ ರಕ್ಷಣೆ ಇಲ್ಲ. ಗಮನಿಸಿದರೆ, ಓಡಿಸಿ ನೋಡುವುದು ಎರಡಲಗಿನ ಕತ್ತಿ. ನೋಡದೆ ಕೊಂಡರೆ ದಡ್ಡತನ. ನೋಡಿ ಕೊಂಡರೆ, ಕಾಣಬೇಕಾಗಿದ್ದ ದೋಷದ ಬಗ್ಗೆ ಬಾಯಿ ಕಟ್ಟಿಕೊಂಡಂತೆ. ಪರೀಕ್ಷಿಸಿ ಒಪ್ಪಿ ಕೊಂಡದ್ದು ಮಾರಿದವನಿಗೆ ಹಿಂತಿರುಗುವುದಿಲ್ಲವೆಂದು ನಾರದ ಸ್ಮೃತಿಯೂ ಹೇಳಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಕಾಣದ ದೋಷದ ಗತಿ? ಅಲ್ಲಿ ನಮಗೆ ಆಧಾರ ಮಾರುವವನ ಮಾತೊಂದೇ. ಬೆಂಟ್ಲಿ ವ್ಯಾಜ್ಯಕ್ಕೆ ಮೊದಲೇ ಆ ಮಾತಿನ ತೂಕವನ್ನು ಇಂಗ್ಲೆಂಡಿನ ನ್ಯಾಯಾಲಯಗಳು ಎರಡು ಸಲ ಅಳೆದಿದ್ದವು. ಎರಡೂ 1957ರ ಕಾನೂನು ವರದಿಗಳಲ್ಲಿ ಅಚ್ಚಾಗಿವೆ. ಮೊದಲನೆಯದು ಆಂಡ್ರೂಸ್ ಎಂಬವನದು. 1934ರ ಮಾದರಿಯ ಸ್ಟ್ಯಾಂಡರ್ಡ್ ಕಾರನ್ನು ಮಾರುವಾಗ ಡೀಲರನು, ಇದಕ್ಕೆ ನನ್ನ ಪ್ರಾಣವನ್ನೇ ಪಣವಾಗಿಡುತ್ತೇನೆ, ಏನೂ ತೊಂದರೆಯಾಗದು ಎಂಬ ಅರ್ಥದ ಮಾತಾಡಿದ್ದ. ಒಂದು ವಾರದಲ್ಲಿ ಸ್ಟೀರಿಂಗಿನ ಕೀಲು ಕಳಚಿ ಕಾರು ಲಾರಿಗೆ ಬಡಿಯಿತು, ಕೊಂಡವನಿಗೆ ಗಾಯವಾಯಿತು. ಆ ಮಾತು ಬರಿಯ ವ್ಯಾಪಾರದ ಹೊಗಳಿಕೆಯಲ್ಲ, ಖಾತರಿ ಎಂದು ನ್ಯಾಯಾಲಯ ಹೇಳಿತು. ತಿಳಿದ ಮೆಕ್ಯಾನಿಕ್ ಆ ದೋಷವನ್ನು ಸುಲಭವಾಗಿ ಕಂಡುಹಿಡಿಯಬಹುದಾಗಿತ್ತೆಂಬುದೂ ಡೀಲರನಿಗೆ ವಿರುದ್ಧವಾಯಿತು.

ಎರಡನೆಯದರಲ್ಲಿ ಪಾತ್ರಗಳು ತಿರುವುಮುರುವು. ವಿಲಿಯಮ್ಸ್ ಎಂಬ ಗೃಹಸ್ಥನು ತನ್ನ ಮಾರಿಸ್ ಕಾರನ್ನು 1948ರದೆಂದು ಹೇಳಿ ಡೀಲರನಿಗೆ ಕೊಟ್ಟ. ನೋಂದಣಿ ಪುಸ್ತಕದಲ್ಲಿಯೂ ಹಾಗೆಯೇ ಇತ್ತು. ನಿಜವಾಗಿ ಅದು 1939ರದು. ಯಾರೋ ಹಿಂದೆಯೇ ಪುಸ್ತಕವನ್ನು ತಿದ್ದಿದ್ದರು. ಡೀಲರನು ದಾವೆ ಹೂಡಿದರೂ ಮೇಲ್ಮನವಿಯಲ್ಲಿ ಸೋತ. ವಿಲಿಯಮ್ಸನಿಗೆ ತಿಳಿಯುವ ದಾರಿ ಇರಲಿಲ್ಲ. ಪುಸ್ತಕದಲ್ಲಿದ್ದುದನ್ನು ನಂಬಿ ಹೇಳಿದ. ಅವನು ಖಾತರಿ ಕೊಟ್ಟನೆಂದು ಹೇಳಲಾಗದೆಂದು ಬಹುಮತದ ತೀರ್ಪಾಯಿತು. ಹಾಗೆ ಹೇಳಿದ ನ್ಯಾಯಾಧೀಶರಲ್ಲಿ ಡೆನಿಂಗ್ ಒಬ್ಬರು.

1965ರಲ್ಲಿ ಬೆಂಟ್ಲಿ ಕಾರಿನ ವ್ಯಾಜ್ಯ ಬಂದದ್ದೂ ಇದೇ ಡೆನಿಂಗರ ಮುಂದೆ. ಈ ಸಲ ತಕ್ಕಡಿ ಕೊಂಡವರ ಕಡೆಗೆ ವಾಲಿತು. ಇಲ್ಲಿ ಮಾತಾಡಿದವನು ಗೃಹಸ್ಥನಲ್ಲ, ವ್ಯಾಪಾರಿ. ಕಾರಿನ ಪೂರ್ವಚರಿತ್ರೆಯನ್ನು ತಯಾರಕರಿಂದ ಕೇಳಿ ತಿಳಿಯುವ ಅನುಕೂಲ ಅವನಿಗಿತ್ತು. ಕೇಳದೆಯೇ 20,000 ಮೈಲಿ ಎಂದ. ಅವನು ಬೇಕೆಂದೇ ಸುಳ್ಳಾಡಿದನೆಂದು ನ್ಯಾಯಾಲಯ ಹೇಳಲಿಲ್ಲ. ಹಾಗಿದ್ದರೂ ಕೊಳ್ಳುವವನು ನಂಬಿ ನಡೆಯಲೆಂದೇ ಆಡಿದ ಮಾತು ಖಾತರಿಯೇ ಎಂದು ನಿರ್ಣಯಿಸಿತು. ಬೆಂಟ್ಲಿಯವರಿಗೆ ದೊರೆತ 400 ಪೌಂಡುಗಳ ಪರಿಹಾರ ಊರ್ಜಿತವಾಯಿತು. ಎರಡು ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾರ ಸ್ಪಷ್ಟ: ತಿಳಿದವನು, ಇಲ್ಲವೇ ತಿಳಿದುಕೊಳ್ಳಬಲ್ಲವನು, ಆಡಿದ ಮಾತಿಗೆ ಅವನೇ ಹೊಣೆ.

ಎರಡು ವರ್ಷ ಕಳೆದು ಬಂದ ಇನ್ನೊಂದು ವ್ಯಾಜ್ಯ ನಮ್ಮಲ್ಲಿ ಹಳಬರಿಗೆ ರುಚಿಸೀತು, ಏಕೆಂದರೆ ಅದು ಹೆರಾಲ್ಡ್ ಕಾರಿನದು. 1961ರಿಂದ ಮದ್ರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡಿನ ಮೂಲ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್. ಟ್ರಯಂಫ್ ಕಂಪನಿಯ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರೂ ಹೆರಾಲ್ಡಿನ ಅಡಿಗಟ್ಟಿನ ಆಧಾರದಿಂದಲೇ ಬಂದದ್ದು. 1961ರ ಬಿಳಿ ಹೆರಾಲ್ಡ್, ಮೇಲ್ಛಾವಣಿ ತೆರೆಯುವಂಥದು ಎಂಬ ಜಾಹೀರಾತು ನೋಡಿ ಒಬ್ಬ ತರುಣ ಹೋದ. ವಿಮೆ ಇಲ್ಲದ್ದರಿಂದ ತಾನು ಓಡಿಸದೆ ಪಕ್ಕದಲ್ಲಿ ಕುಳಿತು ಒಂದು ಸುತ್ತು ಬಂದು, ಕೊಂಡುಕೊಂಡ. ಆಮೇಲೆ ಗ್ಯಾರೇಜಿನಲ್ಲಿ ನೋಡಿದರೆ ಅದು ಒಂದು ಕಾರಲ್ಲ, ಎರಡು! ಹಿಂದಿನ ಅರ್ಧ 1961ರದು, ಮುಂದಿನ ಅರ್ಧ ಅದಕ್ಕಿಂತ ಹಳೆಯದು, ನಡುವೆ ಬೆಸುಗೆ. ಮಾರಿದವನಿಗೂ ಅದು ಗೊತ್ತಿರಲಿಲ್ಲ, ಅವನು ವ್ಯಾಪಾರಿಯೂ ಅಲ್ಲ. ಆದರೂ 1967ರಲ್ಲಿ ಮೇಲ್ಮನವಿ ನ್ಯಾಯಾಲಯ ಕೊಂಡವನ ಪರವಾಗಿ ನಿಂತಿತು. ಜಾಹೀರಾತಿನಲ್ಲಿ ವರ್ಣಿಸಿದ ವಸ್ತುವೇ ಬೇರೆ, ಕೊಟ್ಟದ್ದೇ ಬೇರೆ. ವರ್ಣನೆಯಂತೆ ಸರಕು ಇರಬೇಕೆಂಬ ಈ ನಿಯಮ ನಮ್ಮ 1930ರ ಕಾಯಿದೆಯ 15ನೆಯ ಕಲಮಿನಲ್ಲಿಯೂ ಇದೆ.

ನ್ಯಾಯಾಧೀಶರು ಒಂದೊಂದು ಕಾರನ್ನು ನೋಡಿದರೆ, ಅರ್ಥಶಾಸ್ತ್ರಜ್ಞರೊಬ್ಬರು ಇಡೀ ಸಂತೆಯನ್ನೇ ನೋಡಿದರು. ನಮ್ಮಲ್ಲಿ ಹೊಸ ವಾಹನದ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಅಮೆರಿಕದ ಆಡುಮಾತಿನಲ್ಲಿ ಕೆಟ್ಟ ಕಾರಿಗೇ ನಿಂಬೆಹಣ್ಣು ಎಂದು ಹೆಸರು. ಜಾರ್ಜ್ ಅಕರ್ಲಾಫ್ 1970ರಲ್ಲಿ ಈ ನಿಂಬೆಹಣ್ಣುಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ಯಾವುದು ಒಳ್ಳೆಯ ಕಾರು, ಯಾವುದು ಕೆಟ್ಟದ್ದು ಎಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಅವನು ಎಲ್ಲಕ್ಕೂ ಹೆದರಿ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಲ್ಲ. ಕೊನೆಗೆ ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಅದೇ ಲೇಖನದಲ್ಲಿ ಭಾರತದ ಪ್ರಸ್ತಾಪವೂ ಇದೆ. ಇಲ್ಲಿಯ ಉದ್ದಿಮೆ, ಲೇವಾದೇವಿಗಳು ಒಂದೊಂದು ಸಮುದಾಯದ ಕೈಯಲ್ಲಿ ಬೆಳೆದದ್ದಕ್ಕೆ ಪರಸ್ಪರ ಪರಿಚಯ, ನಂಬಿಕೆಗಳೇ ಕಾರಣವೆಂದು ಅವರು ತರ್ಕಿಸಿದರು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂತು. ಪರಸ್ಥಳದಲ್ಲಿ ಕನ್ನಡ ಮಾತು ಕಿವಿಗೆ ಬಿದ್ದೊಡನೆ, ಇವನು ನಮ್ಮವನು, ಮೋಸ ಮಾಡಲಾರ ಎಂದು ಕರಗುವ ನಾವು ಈ ತರ್ಕವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಪರಿಚಯ ಒಳ್ಳೆಯದೇ, ಆದರೆ ಅದು ಎಂಜಿನ್ನಿನ ಒಳಗನ್ನು ತೋರಿಸುವುದಿಲ್ಲ.

ನಮ್ಮ ದೇಶದಲ್ಲಿ 1986ರಲ್ಲಿ ಗ್ರಾಹಕ ರಕ್ಷಣಾ ಕಾಯಿದೆ ಬಂತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈಯಿಂದ ಜಾರಿಯಾಯಿತು. ಹಳೆಯ ವಾಹನಗಳ ಡೀಲರರಿಗೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ನಿಯಮಗಳನ್ನು ಹೊರಡಿಸಿತು. 2023ರ ಏಪ್ರಿಲ್ 1ರಿಂದ ಅವು ಜಾರಿಯಲ್ಲಿವೆ. ಡೀಲರನು ನೋಂದಣಿ ಪ್ರಾಧಿಕಾರದಿಂದ ಅಧಿಕೃತ ಪತ್ರ ಪಡೆಯಬೇಕು. ಮಾಲೀಕನು ತನ್ನ ಕಾರನ್ನು ಅವನಿಗೆ ಒಪ್ಪಿಸಿ ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ, ಅದು ಮಾರಾಟವಾಗುವ ತನಕ ಡೀಲರನೇ ಮಾಲೀಕನೆಂದು ಭಾವಿಸಲಾಗುತ್ತದೆ. ಗಿರಾಕಿಗೆ ಓಡಿಸಿ ತೋರಿಸುವುದು, ದುರಸ್ತಿ, ಬಣ್ಣ, ತಪಾಸಣೆ ಮುಂತಾದ ಕೆಲಸಗಳಿಗಲ್ಲದೆ ಅದನ್ನು ರಸ್ತೆಗೆ ತರುವಂತಿಲ್ಲ. ಪ್ರತಿ ಓಡಾಟದ ಲೆಕ್ಕವನ್ನೂ ಇಡಬೇಕು. ಹಾಗೆ ಆ ಒಂದು ಸುತ್ತು ಕೂಡ ಈಗ ಕಾನೂನಿನ ಕಣ್ಣಿಗೆ ಬಿದ್ದಿದೆ.

ಇಷ್ಟೆಲ್ಲ ಇದ್ದರೂ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಎಚ್ಚರ ಒಂದು ಗುಲಗಂಜಿ ಹೆಚ್ಚೇ ಇರಬೇಕು. ಅದನ್ನು ಮೊದಲು ಕೊಂಡವನು ಮೆಲ್ಲಗೆ ಓಡಿಸಲೆಂದು ಕೊಂಡಿರುವುದಿಲ್ಲ. ಕ್ಲಚ್ಚು, ಗೇರು, ಬ್ರೇಕುಗಳ ಮೇಲೆ ಅವನ ಕೈಕಾಲಿನ ಗುರುತು ಇದ್ದೇ ಇರುತ್ತದೆ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಬೆಳಗಿನ ತಣ್ಣನೆಯ ಎಂಜಿನ್ನಿನ ಸದ್ದನ್ನು ಮುಚ್ಚುತ್ತದೆ. ಆದ್ದರಿಂದ ಚಾಲೂ ಮಾಡುವ ಮೊದಲೇ ಹೋಗಿ ಮುಟ್ಟಿ ನೋಡುವುದು ಮೇಲು. ಹೊಗೆ ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆಯೆಂದು ಅರ್ಥ. ನಮಗೆ ತಿಳಿಯದಿದ್ದರೆ ಬಲ್ಲ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ಯಬೇಕು. ಆಂಡ್ರೂಸನ ಕಾರಿನ ದೋಷ ಅಂಥವನ ಕಣ್ಣಿಗೆ ಬೀಳುವಂಥದಾಗಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಡೀಲರನು ಹೇಳಿದ್ದನ್ನು ಕಾಗದದ ಮೇಲೆ ಬರೆಸಿ ಸಹಿ ಪಡೆಯಬೇಕು. ಎಷ್ಟು ಓಡಿದೆ, ಏನು ಬದಲಾಗಿದೆ, ಅಪಘಾತವಾಗಿತ್ತೇ ಇಲ್ಲವೇ ಎಂಬುದೆಲ್ಲ ಅದರಲ್ಲಿರಲಿ. ಬರೆದುಕೊಡಲು ಹಿಂಜರಿದರೆ ಅದೇ ಒಂದು ಉತ್ತರ. ಬೆಂಟ್ಲಿ ದಂಪತಿಗಳ ಬಳಿ ಇದ್ದ ದೊಡ್ಡ ಆಸ್ತಿ ಕಾರಲ್ಲ, ವ್ಯಾಪಾರಿಯ ಎದುರಿನಲ್ಲೇ ಇಬ್ಬರೂ ಕೇಳಿದ ಆ ಒಂದು ಮಾತು. ಮನೆಯ ಹುಡುಗ ಕಾರು ನೋಡಲು ಹೊರಟಾಗ ಬೇಡವೆಂದು ಗದರಿಸುವುದಕ್ಕಿಂತ, ನಡೆಯಪ್ಪ, ನಾನೂ ಬರುತ್ತೇನೆ ಎಂದು ಜೊತೆಗೆ ಹೊರಡುವುದು ಒಳ್ಳೆಯದು. ಅವನು ಕಾರು ನೋಡಲಿ, ನಾವು ಮಾರುವವನ ಮಾತನ್ನು ಕೇಳಿಸಿಕೊಳ್ಳೋಣ.