ಗಂಡ ದಂಡಿನಲ್ಲಿ, ಬಸುರಿ ಕೋಟೆಯಲ್ಲಿ

ಶ್ರೀರಂಗಪಟ್ಟಣದ ದರಿಯಾ ದೌಲತ್ ತೋಟದಲ್ಲಿ ನಿಂತು ಹೊಳೆಯಾಚೆ ಕಣ್ಣು ಹಾಯಿಸಿದರೆ ಕರಿಘಟ್ಟ ಕಾಣುತ್ತದೆ. ನೆತ್ತಿಯ ಮೇಲೆ ಶ್ರೀನಿವಾಸನ ಗುಡಿ, ಬುಡದಲ್ಲಿ ಲೋಕಪಾವನಿ ಕಾವೇರಿಯನ್ನು ಸೇರುವ ಸಂಗಮ. ಯುದ್ಧದ ಇತಿಹಾಸ ಓದಿದವರಿಗೆ ಈ ಬೆಟ್ಟ ದೇವರಿಗಿಂತ ಹೆಚ್ಚಾಗಿ ಫಿರಂಗಿಯಿಂದ ಪರಿಚಿತ. 1791 ಮತ್ತು 1792ರ ಕಾಳಗಗಳ ವರ್ಣನೆಯಲ್ಲಿ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಬೆಟ್ಟದ ಕಣ್ಣಳತೆಯಲ್ಲೇ, ಅದಕ್ಕೂ 30 ವರ್ಷ ಹಿಂದೆ, ಒಂದು ಹೆರಿಗೆಯ ಪ್ರಸಂಗ ನಡೆಯಿತು. ದಂಡಿಗೆ ಹೋದವನ ಹೆಂಡತಿ ಹೆರುವ ದಿನಗಳನ್ನು ಹೇಗೆ ಎದುರಿಸುತ್ತಿದ್ದಳು ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಈ ಸೀಮೆಯಲ್ಲಿ ಸಿಗುವುದು ಕಷ್ಟ.

ಅದು 1760ರ ಆಗಸ್ಟ್. ಹೈದರಾಲಿ ಆಗಿನ್ನೂ ಮೈಸೂರಿನ ದಳವಾಯಿಗಿರಿಯ ನೆರಳಿನಲ್ಲಿ ಬೆಳೆದು ಬಲಿತ ಸೇನಾನಿ, ರಾಜ್ಯದ ಒಡೆಯನಾಗಿರಲಿಲ್ಲ. ಅವನ ಪಡೆಯ ಬಹುಭಾಗ ಫ್ರೆಂಚರಿಗೆ ನೆರವಾಗಲು ಪಾಂಡಿಚೇರಿಯ ಕಡೆಗೆ ಹೋಗಿತ್ತು. ಅವನು ಮಾತ್ರ ಕೆಲವೇ ಮಂದಿಯೊಡನೆ ಕೋಟೆಯ ಹೊರಗೆ, ಮುಂದೆ ದರಿಯಾ ದೌಲತ್ ಎದ್ದು ನಿಂತ ಜಾಗದಲ್ಲಿ ಬೀಡುಬಿಟ್ಟಿದ್ದ. ಹೆಂಡಿರು ಮಕ್ಕಳು ಕೋಟೆಯ ಒಳಗೆ. ತಾನೇ ಬೆಳೆಸಿದ ದಿವಾನ ಖಂಡೇರಾಯ ಅರಮನೆಯವರೊಡನೆ ಸೇರಿ, ಮರಾಠರ ಬೆಂಬಲವನ್ನೂ ಗೊತ್ತುಮಾಡಿಕೊಂಡು, 12ರ ಬೆಳಿಗ್ಗೆ ಕೋಟೆಯ ಬಾಗಿಲು ಹಾಕಿಸಿ ಹೈದರನ ಬಿಡಾರದ ಮೇಲೆ ಗುಂಡು ಹಾರಿಸಿದ. ಹೈದರನಿಗೆ ಉಳಿದದ್ದು ಒಂದೇ ದಾರಿ. ಆ ರಾತ್ರಿ ಕೆಲವು ಸವಾರರೊಡನೆ ಕಾವೇರಿ ದಾಟಿ ಆನೇಕಲ್ಲಿಗೂ ಅಲ್ಲಿಂದ ಬೆಂಗಳೂರಿಗೂ ಓಡಿದ. ಮನೆಯವರನ್ನು ಕರೆದೊಯ್ಯುವ ಮಾತೇ ಇರಲಿಲ್ಲ.

ಕೋಟೆಯಲ್ಲಿ ಉಳಿದವರಲ್ಲಿ ಒಂಬತ್ತು ವರ್ಷದ ಟಿಪ್ಪು ಇದ್ದ, ಅವನ ತಾಯಿ ಫಕ್ರುನ್ನೀಸಾ ಇದ್ದಳು. ಅವಳು ತುಂಬು ಬಸುರಿ. ಎರಡನೆಯ ಮಗ ಕರೀಂ ಈ ಗಲಭೆಯ ದಿಗಿಲಿನಲ್ಲಿ ದಿನ ತುಂಬುವ ಮೊದಲೇ ಹುಟ್ಟಿದನೆಂದು ಇತಿಹಾಸಕಾರರು ಬರೆಯುತ್ತಾರೆ. ಗಂಡ ಎಲ್ಲಿದ್ದಾನೆ, ಬದುಕಿದ್ದಾನೆಯೇ ಎಂಬುದು ಗೊತ್ತಿಲ್ಲದೆ, ಗಂಡನ ವೈರಿಯ ಕಾವಲಿನಲ್ಲಿ ಆದ ಬಾಣಂತನ ಅದು. ಮರುವರ್ಷ ಹೈದರ್ ಗೆದ್ದು ಮರಳಿದ. ಖಂಡೇರಾಯನನ್ನು ಕಬ್ಬಿಣದ ಪಂಜರಕ್ಕೆ ಹಾಕಿ ಗಿಳಿಯಂತೆ ಹಾಲು ಅನ್ನ ತಿನ್ನಿಸಿ ಸಾಕಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ತಾಯಿ ಮಕ್ಕಳು ಉಳಿದು ಬಂದದ್ದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ.

ಟಿಪ್ಪುವಿನ ಜನನವೂ ಇಂಥದೇ ಸಮಯದಲ್ಲಿ ಆದದ್ದು ಕುತೂಹಲದ ವಿಷಯ. ರೂಢಿಯಲ್ಲಿರುವ ದಿನಾಂಕವನ್ನು ಒಪ್ಪುವುದಾದರೆ 1750ರ ನವೆಂಬರಿನಲ್ಲಿ ದೇವನಹಳ್ಳಿಯಲ್ಲಿ ಅವನು ಹುಟ್ಟಿದ. ಆ ವರ್ಷದ ಕೊನೆಯಲ್ಲಿ ಹೈದರ್ ಮೈಸೂರಿನ ಪಡೆಯೊಡನೆ ನಾಸಿರ್ ಜಂಗನ ಪರವಾಗಿ ಕರ್ನಾಟಿಕ್ ಸೀಮೆಯಲ್ಲಿದ್ದ. ಹೆರಿಗೆಗೆ ಮೊದಲು ತಾಯಿ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ದರ್ಗಾಕ್ಕೆ ಹರಕೆ ಹೊತ್ತಿದ್ದರಿಂದ ಮಗುವಿಗೆ ಆ ಹೆಸರು ಬಂತು. ಫಕ್ರುನ್ನೀಸಾಳ ತವರು ಕಡಪ. ಅವಳ ತಂದೆ ಮೀರ್ ಮೊಯಿನುದ್ದೀನ್ ಅಲ್ಲಿಯ ಕೋಟೆಯ ಅಧಿಕಾರಿಯಾಗಿದ್ದವನು. ದೇವನಹಳ್ಳಿಯೂ ತವರಲ್ಲ, ಶ್ರೀರಂಗಪಟ್ಟಣವೂ ತವರಲ್ಲ. ಸಿಪಾಯಿಯ ಸಂಸಾರ ಬಿಡಾರದಿಂದ ಬಿಡಾರಕ್ಕೆ, ಕೋಟೆಯಿಂದ ಕೋಟೆಗೆ ನಡೆಯುವ ಸಂಸಾರ.

ಈ ತವರಿನ ಮಾತು ಮುಖ್ಯವಾದದ್ದು. ಗಂಡ ಹತ್ತಿರವಿಲ್ಲದಿರುವುದೇ ಬಸುರಿಯ ದೊಡ್ಡ ಕಷ್ಟ ಎಂದು ಇಂದಿನವರಿಗೆ ತೋರಬಹುದು. ಹಳೆಯ ಮೈಸೂರು ಸೀಮೆಯ ಪದ್ಧತಿಯನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ಮಡಿಲು ತುಂಬಿಸಿ, ಹಸಿರು ಬಳೆ ತೊಡಿಸಿ ಮಗಳನ್ನು ಕರೆದು ತರುತ್ತಾರೆ. ಅಂದಿನಿಂದ ಮಗುವಿಗೆ ಕೆಲವು ತಿಂಗಳಾಗುವವರೆಗೆ ಅಳಿಯನ ಪಾತ್ರ ಬಂದು ನೋಡಿಕೊಂಡು ಹೋಗುವುದಷ್ಟೇ. ತಯಾರಿಯೆಲ್ಲ ತಾಯಿಯದು, ಅಜ್ಜಿಯದು, ಸೂಲಗಿತ್ತಿಯದು. ಕತ್ತಲೆಯ, ಗಾಳಿ ನುಸುಳದ ಕೋಣೆಯೊಂದನ್ನು ಸಾರಿಸಿ ಅಣಿಮಾಡಬೇಕು. ಎರೆಯುವ ನೀರಿನ ಹಂಡೆಗೆ ತಿಂಗಳುಗಟ್ಟಲೆ ಸಾಲುವಷ್ಟು ಸೌದೆ ಒಡೆಸಿ ಒಣಗಿಸಬೇಕು. ಮಳೆಗಾಲದ ಹೆರಿಗೆಯಾದರೆ ಇದೇ ದೊಡ್ಡ ಚಿಂತೆ. ಹರಳೆಣ್ಣೆ, ಮೆಣಸು, ಒಣಶುಂಠಿ, ಓಮ, ಬೆಳ್ಳುಳ್ಳಿ, ಸಾಂಬ್ರಾಣಿ, ಬಾಣಂತಿಯ ಪಥ್ಯಕ್ಕೆ ಹಳೆಯ ಅಕ್ಕಿ ಕೂಡಿಡಬೇಕು. ಮಗುವನ್ನು ಮೊದಲು ಮಲಗಿಸುವ ಮೊರ, ಕೌದಿ, ಒಗೆದೊಗೆದು ಮೆತ್ತಗಾದ ಹಳೆಯ ಸೀರೆಯ ತುಂಡುಗಳು. ಈ ಪಟ್ಟಿಯಲ್ಲಿ ಗಂಡಸು ಮಾಡಬೇಕಾದ ಕೆಲಸ ಸೌದೆ ಒಡೆಯುವುದೊಂದೇ. ಅದನ್ನು ಮಾವನೋ ಭಾವಮೈದುನನೋ ಮಾಡಿಯಾನು.

ಶಾಸ್ತ್ರ ಬಲ್ಲವರ ಮನೆಗಳ ರೀತಿ ಬೇರೆ. ಸೀಮಂತದಲ್ಲಿ ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಬೈತಲೆ ತೆಗೆಯಬೇಕಾದವನು ಗಂಡ. ಆ ಸಮಯದಲ್ಲಿ ವೀಣೆಯವರು ತಾವು ವಾಸಿಸುವ ದಡದ ನದಿಯ ಹೆಸರು ಹಿಡಿದು ಹಾಡಬೇಕೆಂದು ಗೃಹ್ಯಸೂತ್ರ ಹೇಳುತ್ತದೆ. ಶ್ರೀರಂಗಪಟ್ಟಣದವರು ಯಾವ ನದಿಯನ್ನು ಹೆಸರಿಸಬೇಕೆಂದು ಹೇಳಬೇಕಿಲ್ಲ. ಇನ್ನೂ ಸ್ವಾರಸ್ಯವಾದದ್ದು ಗರ್ಭಿಣಿಯ ಗಂಡನಿಗೆ ಧರ್ಮಶಾಸ್ತ್ರದ ನಿಬಂಧಗಳು ಹಾಕಿದ ಕಟ್ಟುಪಾಡು. ಅವನು ಕ್ಷೌರ ಮಾಡಿಸಿಕೊಳ್ಳಬಾರದು, ಹೆಣದ ಹಿಂದೆ ಹೋಗಬಾರದು, ಹೊಸ ಮನೆ ಕಟ್ಟಬಾರದು, ದೂರದೇಶಕ್ಕೆ ಹೊರಡಬಾರದು, ಯುದ್ಧಕ್ಕೆ ಹೋಗಬಾರದು. ನಿಯಮ ಬರೆದವರು ಬಸುರಿಯ ಸಂಕಟ ಅರಿತವರೇ ಇರಬೇಕು. ಆದರೆ ದಂಡಿನ ಕರೆ ಬಂದಾಗ ಹೆಂಡತಿಗೆ ಏಳು ತಿಂಗಳೆಂದು ಹೇಳಿ ತಪ್ಪಿಸಿಕೊಳ್ಳುವುದು ಯಾವ ಸಿಪಾಯಿಗೆ ಸಾಧ್ಯವಿತ್ತು? ಬೇಡರು, ಒಕ್ಕಲಿಗರು ಮೊದಲಾಗಿ ದಂಡಿಗೆ ಆಳು ಕೊಡುತ್ತಿದ್ದ ಮನೆಗಳಲ್ಲಿ ಮಡಿಲು ತುಂಬುವ ಶಾಸ್ತ್ರವೇ ಮುಖ್ಯ. ಅದನ್ನು ನಡೆಸುವವರು ಮುತ್ತೈದೆಯರು. ಗಂಡ ಎದುರಿಗಿರಲೇಬೇಕೆಂಬ ಕಟ್ಟಳೆ ಇಲ್ಲ. ಮುಸ್ಲಿಂ ಮನೆಗಳ ಏಳನೆಯ ತಿಂಗಳ ಸತ್ವಾಸಾ, ಹೆತ್ತ ಮೇಲಿನ 40 ದಿನಗಳ ಚಿಲ್ಲಾ ಇವೂ ಹೆಂಗಸರ ಕೈಯಲ್ಲೇ ನಡೆಯುವಂಥವು. ಗಂಡಸರು ಆಗಾಗ ಊರು ಬಿಡುವ ಸೀಮೆಯಲ್ಲಿ ಆಚರಣೆ ಅದಕ್ಕೆ ಒಗ್ಗಿಕೊಂಡಿತ್ತೆಂದು ತೋರುತ್ತದೆ.

ದಂಡಿನ ಕಾಲಮಾನವನ್ನೂ ಇಲ್ಲಿ ಗಮನಿಸಬೇಕು. ಮಳೆಗಾಲದಲ್ಲಿ ಹೊಳೆಗಳು ತುಂಬಿರುತ್ತವೆ, ಎತ್ತುಗಳು ಕೆಸರಿನಲ್ಲಿ ಹೂಳುತ್ತವೆ, ಮದ್ದು ತೇವವಾಗುತ್ತದೆ. ಆದ್ದರಿಂದ ವಿಜಯದಶಮಿಯಂದು ಬನ್ನಿ ಪೂಜಿಸಿ ಸೀಮೋಲ್ಲಂಘನ ಮಾಡಿದ ಮೇಲೆಯೇ ದಂಡಯಾತ್ರೆಗೆ ಕಾಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ಈಗಲೂ ಅಲ್ಲಿಯ ದಸರಾ ಮೆರವಣಿಗೆ ಹೊರಡುವುದು ಕರಿಘಟ್ಟದಿಂದ ಹೆಚ್ಚು ದೂರವಿಲ್ಲದ ಕಿರಂಗೂರಿನ ಬನ್ನಿಮಂಟಪದಿಂದ. ಲೆಕ್ಕ ಹಾಕಿ ನೋಡಿ: ಜೇಷ್ಠದಿಂದ ಆಶ್ವಯುಜದವರೆಗೆ ಮನೆಯಲ್ಲಿದ್ದ ಸಿಪಾಯಿಯ ಮಗು ಹುಟ್ಟುವುದು ಫಾಲ್ಗುಣದಿಂದ ಆಷಾಢದೊಳಗೆ. ಅವನು ದೂರದ ಕೋಟೆಯೊಂದರ ಬುಡದಲ್ಲಿ ಮುತ್ತಿಗೆ ಹಾಕಿ ಕೂತಿರುವ ಕಾಲವೂ ಅದೇ. ಹೆರುವಾಗ ಗಂಡ ಇಲ್ಲದಿರುವುದು ಆಕಸ್ಮಿಕವಲ್ಲ, ಹೆಚ್ಚುಕಡಿಮೆ ಪಂಚಾಂಗದಲ್ಲೇ ಬರೆದಿಟ್ಟದ್ದು.

ಸತ್ತು ಬಂದರೆ? ಅದಕ್ಕೂ ಹಿಂದಿನವರು ಒಂದು ವ್ಯವಸ್ಥೆ ಮಾಡಿದ್ದರು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ನಾಗಮಂಗಲ, ಕೃಷ್ಣರಾಜಪೇಟೆಯ ಕಡೆಯ ಊರುಗಳಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ವೀರ ಹೋರಾಡುತ್ತಾನೆ, ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಶಿವಸಾನ್ನಿಧ್ಯ. ಕೆಳಗೆ ಮನೆಯಲ್ಲಿ ಉಳಿದವಳು ಕಲ್ಲಿನಲ್ಲಿ ಕಾಣಿಸಿಕೊಳ್ಳುವುದು ಅವಳೂ ಸತಿ ಹೋದಾಗ ಮಾತ್ರ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲೇ ಕಲ್ಲು ನಿಂತಿತು. ದಂಡಿನವನ ಮಗುವನ್ನು ಹೆತ್ತು ಸಾಕಿದವಳಿಗೆ ಆ ಭಾಗ್ಯವಿಲ್ಲ.

ಹೀಗೆ ಗಂಡನಿಲ್ಲದ ಹೆರಿಗೆಯನ್ನು ಸಂಭಾಳಿಸಲು ತವರು ಇತ್ತು, ಊರು ಇತ್ತು. ತನ್ನ ಹಳ್ಳಿಯಲ್ಲೇ ಹೊಲವಿದ್ದು ಕರೆದಾಗ ಹೋಗುತ್ತಿದ್ದ ಕಂದಾಚಾರದ ಆಳಿನ ಹೆಂಡತಿಗೆ ಇವೆರಡೂ ನಡೆದು ಮುಟ್ಟುವಷ್ಟು ದೂರದಲ್ಲಿದ್ದವು. ಸಂಬಳದ ಸಿಪಾಯಿಯ ಹೆಂಡತಿ ರಾಜಧಾನಿಗೆ ಬಂದಾಗ ಅವು ತಪ್ಪಿಹೋದವು. ಕೋಟೆಯೊಳಗಿನ ಮನೆ ರಕ್ಷಣೆಯೂ ಹೌದು, ಒತ್ತೆಯೂ ಹೌದು ಎಂಬುದನ್ನು ಫಕ್ರುನ್ನೀಸಾಳ ಪಾಡು ತೋರಿಸಿತು. ಸಂಸಾರವನ್ನು ಒತ್ತೆಯಾಗಿ ಹಿಡಿಯುವ ಈ ರಾಜಕೀಯ 1792ರಲ್ಲಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನ ಬಿಡಾರಕ್ಕೆ ಕಳುಹಿಸುವಲ್ಲಿ ಮತ್ತೆ ಕಾಣಿಸಿಕೊಂಡಿತು.

ಯುದ್ಧವೇ ಮನೆ ಬಾಗಿಲಿಗೆ ಬಂದಾಗ ಹಳ್ಳಿಯ ಆಸರೆಯೂ ಉಳಿಯುವಂತಿರಲಿಲ್ಲ. 1791ರ ಮೇ 15ರಂದು ಕಾರ್ನ್‌ವಾಲಿಸ್ ಅರಕೆರೆಯ ಕಡೆಯಿಂದ ಬಂದು ಕರಿಘಟ್ಟದ ಆಸುಪಾಸಿನಲ್ಲಿ ಟಿಪ್ಪುವಿನ ಪಡೆಯೊಡನೆ ಕಾದಾಡಿದ. ಎತ್ತುಗಳು ಸತ್ತು, ಮೇವು ತೀರಿ, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದ. ಮರುವರ್ಷ ಫೆಬ್ರುವರಿ 6ರ ರಾತ್ರಿ ಮೂರು ಸಾಲಾಗಿ ನುಗ್ಗಿದಾಗ ಮ್ಯಾಕ್ಸ್‌ವೆಲ್‌ನ ಸಾಲು ಮೊದಲು ಹತ್ತಿದ್ದು ಈ ಬೆಟ್ಟವನ್ನೇ. ಆ ವರ್ಷ ಈ ಸುತ್ತಿನ ಊರುಗಳಲ್ಲಿ ಸೌದೆ ಒಟ್ಟಿಕೊಂಡು, ಹಳೆಯ ಅಕ್ಕಿ ಕಟ್ಟಿಟ್ಟುಕೊಂಡು ದಿನ ಎಣಿಸುತ್ತಿದ್ದ ಬಸುರಿಯರೂ ಇದ್ದಿರಲೇಬೇಕು. ಮೇವು, ದವಸ, ಸೌದೆ ಇವು ಮೂರೂ ದಂಡು ಮೊದಲು ಕೈಹಾಕುವ ವಸ್ತುಗಳು.

1799ರ ಬಳಿಕ ಈ ನೆಲದಲ್ಲಿ ದೊಡ್ಡ ಕಾಳಗ ನಡೆಯಲಿಲ್ಲ. ಸಿಪಾಯಿಗಳು ಹೋಗುವುದು ನಿಲ್ಲಲಿಲ್ಲ. ಹೋಗುವ ದೂರ ಹೆಚ್ಚಿತು. ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ 1914ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ರೈಲು ಹತ್ತಿ, ಮುಂಬಯಿಯಲ್ಲಿ ಹಡಗೇರಿ ಸೂಯೆಜ್ ಸೇರಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದ ಕೀರ್ತಿ ಅದರದು. ಪಡೆ ಊರಿಗೆ ಮರಳಿದ್ದು 1920ರಲ್ಲಿ. ಬಸುರಿ ಹೆಂಡತಿಯನ್ನು ಬಿಟ್ಟು ಹೊರಟ ಸವಾರನಿಗೆ ನಡುವೆ ರಜೆ ಸಿಗದೆಹೋಗಿದ್ದರೆ, ಐದು ವರ್ಷದ ಮಗು ಬಾಗಿಲಲ್ಲಿ ನಿಂತು ಇವರು ಯಾರು ಎಂದು ಕೇಳುವ ಕಾಲ. ವಿಜಯದಶಮಿಗೆ ಹೊರಟು ಮುಂಗಾರಿಗೆ ಮರಳುವ ಹಳೆಯ ಲೆಕ್ಕ ಇಲ್ಲಿ ನಡೆಯಲಿಲ್ಲ. ಹೆರಿಗೆಯ ಸುದ್ದಿ ಅಂಚೆಯಲ್ಲಿ ಸಮುದ್ರ ದಾಟಿ ಹೋಗಬೇಕು. ಓದು ಬಾರದ ಮನೆಯಾದರೆ ಗಂಡೋ ಹೆಣ್ಣೋ ಎಂಬುದನ್ನು ಬರೆಯಲೂ ಪರರ ಕೈ ಬೇಕು.

ಹೆರಿಗೆಯ ಜಾಗವೂ ಬದಲಾಯಿತು. 1885ರ ಡಫರಿನ್ ನಿಧಿಯಿಂದ ಹೆಂಗಸರಿಗೆ ಹೆಂಗಸರೇ ವೈದ್ಯರಾಗುವ ಏರ್ಪಾಡು ದೇಶದಲ್ಲಿ ಬೆಳೆಯಿತು; ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳು ಹಳೆಯ ಮೈಸೂರಿನ ತಾಯಂದಿರ ಬಾಯಲ್ಲಿ ಮನೆಮಾತಾದವು. ಆದರೂ ಹಳ್ಳಿಯ ಹೆರಿಗೆ ಬಹಳ ಕಾಲ ಸೂಲಗಿತ್ತಿಯ ಕೈಯಲ್ಲೇ ಉಳಿಯಿತು. ಪಾವಗಡದ ಕಡೆಯ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದಾಗ ಸೂಲಗಿತ್ತಿ ಎಂಬ ಪದವೇ ಅವರ ಹೆಸರಿನ ಮುಂದೆ ಬಿರುದಿನಂತೆ ಸೇರಿತ್ತು.

ಈಗ ಮಂಡ್ಯ ಜಿಲ್ಲೆಯ ಹಳ್ಳಿಯಿಂದ ಗಡಿಗೆ ಹೋದ ಯೋಧನ ಹೆಂಡತಿಗೆ ಆಶಾ ಕಾರ್ಯಕರ್ತೆ ಇದ್ದಾಳೆ, ತಾಯಿ ಕಾರ್ಡ್ ಇದೆ, ನೋವು ಕಾಣಿಸಿಕೊಂಡರೆ 2008ರಿಂದ ಓಡಾಡುತ್ತಿರುವ 108ರ ವಾಹನ ಬರುತ್ತದೆ. ಗಂಡ ಮೊಬೈಲಿನಲ್ಲಿ ಮಗುವಿನ ಮುಖ ನೋಡುತ್ತಾನೆ, ಅವನಿರುವ ಬೆಟ್ಟದಲ್ಲಿ ಸಿಗ್ನಲ್ ಸಿಕ್ಕಿದರೆ. ಚೊಚ್ಚಲಿಗೆ ಅವಳು ಹೋಗುವುದು ಮಾತ್ರ ತವರಿಗೇ. ಆಸ್ಪತ್ರೆಗೆ ಹೊರಡುವ ಚೀಲವನ್ನು ತುಂಬುವವಳು ತಾಯಿ. ವರದಿಗಳು, ಫ್ಲಾಸ್ಕು, ಹೊಸ ಟವೆಲ್ಲುಗಳ ಅಡಿಯಲ್ಲಿ ಒಗೆದೊಗೆದು ಮೆತ್ತಗಾದ ಹಳೆಯ ಸೀರೆಯ ತುಂಡುಗಳೂ ಇರುತ್ತವೆ.