ನಲವತ್ತು ಮಿಲಿಮೀಟರಿನ ಹಳಿ

ವಿದ್ಯಾರಣ್ಯಪುರದ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ರೈಲುಮಾರ್ಗವಿದೆ. ಹತ್ತು ಅಡಿ ವ್ಯಾಸದ ವೃತ್ತ; ನುಗ್ಗೆಮರವೊಂದನ್ನು ಬಳಸಿಕೊಂಡು ಹೊರಟಲ್ಲಿಗೇ ಮರಳುತ್ತದೆ. ಅದರ ಮೇಲೆ ಓಡುವ ಎಂಜಿನ್ನು ಮೊಳದುದ್ದವೂ ಇಲ್ಲ. ಆದರೂ ಅದನ್ನು ಆಟಿಕೆಯೆನ್ನಲು ನನಗೆ ಮನಸ್ಸಿಲ್ಲ. ಕೀಲಿಯಿಂದಲ್ಲ, ವಿದ್ಯುತ್ತಿನಿಂದಲ್ಲ, ಬೆಂಕಿ ಮತ್ತು ನೀರಿನಿಂದಲೇ ಅದು ನಡೆಯುತ್ತದೆ.

ಇಂಗ್ಲೆಂಡಿನಿಂದ ಬಿಡಿಭಾಗಗಳ ಪೆಟ್ಟಿಗೆಯಾಗಿ ಬಂದದ್ದು ಅದು. ಬೆಳ್ಳಿ ಬೆಸುಗೆ ಹಾಕಿದ ತಾಮ್ರದ ಬಾಯ್ಲರು ಮಾತ್ರ ಸಿದ್ಧವಾಗಿ, ಪರೀಕ್ಷೆಗೊಳಪಟ್ಟು ಬಂದಿತ್ತು. ಮಿಕ್ಕದ್ದನ್ನೆಲ್ಲ ನಾನೇ ಜೋಡಿಸಬೇಕಾಯಿತು. ಅದರಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಸಿಲಿಂಡರಿಗೆ ಎಣ್ಣೆ ಊಡಿಸುವ ಪುಟ್ಟ ಪಾತ್ರೆ. ಉಗಿಯ ಒಂದಂಶ ಅದರೊಳಕ್ಕೆ ಹೊಕ್ಕು, ತಣಿದು, ನೀರಾಗಿ ತಳ ಸೇರುತ್ತದೆ. ನೀರು ಏರಿದಷ್ಟೂ ಮೇಲೆ ತೇಲುವ ಎಣ್ಣೆ ಹನಿಹನಿಯಾಗಿ ಉಗಿಯ ಕೊಳವೆಗೆ ತುಳುಕುತ್ತದೆ. ಒಂದು ಗಾಲಿಯಿಲ್ಲ, ಒಂದು ಕವಾಟವಿಲ್ಲ. ಉರಿಯುವ ಅನಿಲದ ತೊಟ್ಟಿಯ ಅಳತೆಯಲ್ಲಿಯೂ ಅಂಥದೇ ಜಾಣತನವಿದೆ: ಬಾಯ್ಲರಿನ ನೀರು ಆರುವ ಮೊದಲೇ ಅನಿಲ ಮುಗಿಯಬೇಕು, ಇಲ್ಲದಿದ್ದರೆ ತಾಮ್ರ ಸುಟ್ಟೀತು. ನಮ್ಮ ಬಡಾವಣೆಯ ಕೊಳವೆಬಾವಿಯ ನೀರನ್ನು ಅದಕ್ಕೆ ಕುಡಿಸುವಂತಿಲ್ಲ. ಅಡಿಗೆಮನೆಯ ಪಾತ್ರೆಗಳಲ್ಲಿ ಕಟ್ಟುವ ಸುಣ್ಣವನ್ನು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ. ಬಟ್ಟಿಯಿಳಿಸಿದ ನೀರನ್ನು ಕೊಂಡು ತರುತ್ತೇನೆ.

ಇದನ್ನು ನಮ್ಮ ಕಡೆಯ ಗಾಡಿಯನ್ನಾಗಿ ಮಾಡಬೇಕೆಂಬುದು ನನ್ನ ಹಂಬಲ. ನಮ್ಮ ಕಡೆಯದೆಂದರೆ ಯಲಹಂಕದ ಪುಟ್ಟ ರೈಲು. ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಮುಟ್ಟಿ ಅದು ಬಂಗಾರಪೇಟೆಯನ್ನು ಸೇರುತ್ತಿತ್ತು. ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. ಅಲ್ಲಿಂದ ಕೋಲಾರದವರೆಗೆ 1913ರಲ್ಲಿ ಹಳಿ ಬಿತ್ತು. ಕೆಲವೇ ವರ್ಷಗಳಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯೊಡನೆ ಅದು ಕೂಡಿಕೊಂಡಿತು. ಹಳಿಗಳ ನಡುವಣ ಅಂತರ 2 ಅಡಿ 6 ಅಂಗುಲ, ಎಂದರೆ 762 ಮಿಲಿಮೀಟರು. 1897ರಲ್ಲಿ ಬಾರ್ಸಿಯಲ್ಲಿ ಎವರಾರ್ಡ್ ಕ್ಯಾಲ್ಥ್ರಾಪ್ ಎಂಬ ಎಂಜಿನಿಯರು ಈ ಅಳತೆಯಲ್ಲಿಯೂ ಗಂಭೀರವಾದ ರೈಲು ನಡೆಸಬಹುದೆಂದು ತೋರಿಸಿದ್ದನು. ಹಗುರವಾದ ಕಂಬಿ, ಕಿರಿದಾದ ತಿರುವು, ಕಡಿಮೆ ಮಣ್ಣುಕೆಲಸ: ಹೆಚ್ಚು ಹಣ ಹೂಡಲಾರದ ಸೀಮೆಗಳಿಗೆ ಅದೊಂದು ವರವೇ ಆಯಿತು. ಇಂದು ನಾವು ಆ ರೈಲನ್ನು ನೆನೆದು ಅದೆಷ್ಟು ಮುದ್ದಾಗಿತ್ತೆನ್ನುತ್ತೇವೆ. ಅದನ್ನು ಕಟ್ಟಿದವರ ಕಣ್ಣ ಮುಂದಿದ್ದದ್ದು ಖರ್ಚಿನ ಪಟ್ಟಿ.

ನನ್ನ ಪೆಟ್ಟಿಗೆಯ ಎಂಜಿನ್ನಿಗೆ ಮಾದರಿ ಬೇರೆ. ವೇಲ್ಸ್ ನಾಡಿನ ಕಲ್ಲುಗಣಿಗಳ ರೈಲಿನ ಹಳಿ ಹೆಚ್ಚುಕಡಿಮೆ 2 ಅಡಿಯದು. ಒಂದು ಅಡಿಗೆ 16 ಮಿಲಿಮೀಟರಿನಂತೆ ಕುಗ್ಗಿಸಿದರೆ ಅದು 32 ಆಗುತ್ತದೆ. ಹಳೆಯ ಆಟದ ರೈಲುಗಳ ಒಂದು ಹಳಿಯೂ 32 ಮಿಲಿಮೀಟರಿನದೇ ಆದ್ದರಿಂದ ಕೊಳ್ಳುವವರಿಗೆ ತೊಂದರೆಯಿಲ್ಲ. ನಮ್ಮ ಎರಡೂವರೆ ಅಡಿಯನ್ನು ಅದೇ ಲೆಕ್ಕದಲ್ಲಿ ಇಳಿಸಿದರೆ 40. ಅಂಗಡಿಯಲ್ಲಿ ದೊರೆಯುವ ಹಳಿ 32ರದು, ಇಲ್ಲವೇ 45ರದು. ನಲವತ್ತರದು ಇಲ್ಲ.

ಅದೃಷ್ಟಕ್ಕೆ ಈ ಎಂಜಿನ್ನಿನ ಚೌಕಟ್ಟು ಚಕ್ರಗಳ ಹೊರಬದಿಯಲ್ಲಿದೆ. ಚಕ್ರಗಳನ್ನು ಅಚ್ಚಿನ ಮೇಲೆ ಸರಿಸಿ, ಎರಡು ಅಳತೆಗಳಲ್ಲಿ ಯಾವುದಕ್ಕಾದರೂ ನಿಲ್ಲಿಸಿ ತಿರುಪು ಬಿಗಿಯಬಹುದು. ನಡುವೆ ಎಲ್ಲಿಯಾದರೂ ಏಕೆ ನಿಲ್ಲಿಸಬಾರದು? ಬೀದಿಯಾಚೆ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತು ನಡೆಸಿ ನಿವೃತ್ತರಾದವರೊಬ್ಬರಿದ್ದಾರೆ. ಅವರು ಸರಿಯಾಗಿ 40ರ ಅಳತೆಗಟ್ಟಿಯೊಂದನ್ನು ಕಡೆದುಕೊಟ್ಟರು. ಕೊಡುವಾಗ ಒಂದು ಮಾತನ್ನೂ ಕೇಳಿದರು:

“ಎಲ್ಲ ಸರಿ ಸಾರ್. ಹೀಗೆ ಮಾಡಿಕೊಂಡರೆ ನಿಮ್ಮ ಗಾಡಿ ಈ ಹಿತ್ತಿಲು ಬಿಟ್ಟು ಇನ್ನೆಲ್ಲಿ ಓಡುತ್ತೆ?”

ಆ ಪ್ರಶ್ನೆಯನ್ನು ಕೇಳಿದಾಗ ನನಗೆ ಯಲಹಂಕದ ನಿಲ್ದಾಣ ಕಣ್ಣಿಗೆ ಕಟ್ಟಿತು. ನನ್ನ ತಾಯಿಯ ತವರು ಶಿಡ್ಲಘಟ್ಟ. ಬೆಂಗಳೂರಿನಿಂದ ಮೀಟರ್‌ಗೇಜಿನಲ್ಲಿ ಬಂದವರು ಯಲಹಂಕದಲ್ಲಿ ಇಳಿದು, ಟ್ರಂಕು, ಹಾಸಿಗೆ, ಕೈಗೂಸುಗಳೊಡನೆ ಪುಟ್ಟ ರೈಲಿನತ್ತ ಧಾವಿಸಬೇಕಾಗಿತ್ತು. ನಮಗೆ ಮಕ್ಕಳಿಗೆ ಅದು ಸಂಭ್ರಮ, ಅಮ್ಮನಿಗೆ ಬೆವರು. ಸರಕಿನ ಪಾಡೂ ಅದೇ. ಒಂದು ತುದಿಯಲ್ಲಿ ಮೀಟರ್‌ಗೇಜು, ಇನ್ನೊಂದು ತುದಿಯಾದ ಬಂಗಾರಪೇಟೆಯಲ್ಲಿ ಮದರಾಸಿನ ಬ್ರಾಡ್‌ಗೇಜು; ನಡುವಣ ಈ ರೈಲಿನ ವ್ಯಾಗನ್ನು ಎರಡು ಕಡೆಗೂ ದಾಟುವಂತಿಲ್ಲ. ಪ್ರತಿ ಮೂಟೆಯನ್ನೂ ಹಮಾಲಿ ಹೆಗಲ ಮೇಲೆ ಹೊತ್ತು ಬದಲಿಸಬೇಕು. ರೈತನ ಬಾಗಿಲಿನಲ್ಲಿಯೇ ಮೂಟೆಯನ್ನು ಹೇರಿಕೊಂಡು, ಒಮ್ಮೆಯೂ ಇಳಿಸದೆ ಮಂಡಿಗೆ ಒಯ್ಯುವ ಲಾರಿ ಬಂದ ಮೇಲೆ ಈ ಸ್ಪರ್ಧೆಯಲ್ಲಿ ಗೆಲ್ಲುವವರು ಯಾರೆಂದು ಜೋಯಿಸರನ್ನು ಕೇಳಬೇಕಿರಲಿಲ್ಲ. ಹಣ ಉಳಿಸಲು ಆರಿಸಿದ ಅಳತೆಯೇ ಕೊನೆಗೆ ಅದನ್ನು ಒಂಟಿಯಾಗಿಸಿತು. 1992ರಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆ ಆರಂಭವಾಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ನಡುವೆ ಬ್ರಾಡ್‌ಗೇಜು ಬಂದದ್ದು 2013ರಲ್ಲಿ. ಈಗ ಆ ಮಾರ್ಗದಲ್ಲಿ ವಿಮಾನ ನಿಲ್ದಾಣದ ಪ್ರಯಾಣಿಕರಿಗಾಗಿಯೇ ಒಂದು ತಂಗುದಾಣವಿದೆ.

ಇಷ್ಟನ್ನು ತಿಳಿದೂ ನಾನು ಚಕ್ರಗಳನ್ನು 40ಕ್ಕೇ ಬಿಗಿದೆ. ಹಿತ್ತಾಳೆಯ ಪಟ್ಟಿಗಳನ್ನು ತೇಗದ ತುಂಡುಗಳಲ್ಲಿ ಕೂರಿಸಿ ಹಳಿ ಮಾಡಲು ಒಂದು ಮಳೆಗಾಲ ಹಿಡಿಯಿತು. ಚಾಲಕನ ಗೂಡಿನ ಮಾಡನ್ನು ನಮ್ಮ ಬಿಸಿಲಿಗೆ ತಕ್ಕಂತೆ ಹಿಂದಕ್ಕೆ ಚಾಚಿದೆ. ಮುಂದೆ ದನ ತಳ್ಳುವ ಜಾಲರಿಯನ್ನೂ ದೊಡ್ಡ ದೀಪವನ್ನೂ ಇರಿಸಿದೆ. ಒತ್ತಡ ಚದರ ಅಂಗುಲಕ್ಕೆ 40 ಪೌಂಡಿಗೆ ಏರಿ, ಮೊದಲ ಬಾರಿ ಅದು ನೀರುಗುಳುತ್ತ, ಕೆಮ್ಮುತ್ತ ಹೊರಟಾಗ, ಬಿಸಿಯೆಣ್ಣೆಯ ಆ ವಾಸನೆ ನನ್ನನ್ನು ಶಿಡ್ಲಘಟ್ಟಕ್ಕೆ ಮುಟ್ಟಿಸಿತು.

ಹೋದ ತಿಂಗಳು ಗೆಳೆಯರೊಬ್ಬರ ಮೊಮ್ಮಗ ತನ್ನ 32 ಮಿಲಿಮೀಟರಿನ ವ್ಯಾಗನ್ನೊಂದರಲ್ಲಿ ಕಡಲೆಕಾಯಿ ತುಂಬಿಕೊಂಡು ಬಂದ. ಹಳಿಯ ಮೇಲಿಟ್ಟು ನೋಡಿದ, ನಿಲ್ಲಲಿಲ್ಲ. ಒಂದೊಂದನ್ನಾಗಿ ಕೈಯಲ್ಲೇ ತೆಗೆದು ನನ್ನ ವ್ಯಾಗನ್ನಿಗೆ ತುಂಬಿದ. ದಾರಿಯಲ್ಲಿ ನಾಲ್ಕೈದು ಕಾಯಿ ಅವನ ಬಾಯಿಗೂ ಹೋದುವು.