ಈ ಮನಿ ಎಷ್ಟ್ ಬಾಳತೈತಿ?

ಗದಗ-ಬೆಟಗೇರಿ ಕಡೆ ಮನೆಯ ಬೆಲೆ ಕೇಳೋರು ‘ಈ ಮನಿ ಎಷ್ಟ್ ಬಾಳತೈತಿ?’ ಅಂತಾರೆ. ಬೆಲೆಗೂ ಬದುಕಿಗೂ ಒಂದೇ ಮಾತು. ಬ್ಯಾಂಕಿನ ವ್ಯಾಲ್ಯುವರ್ ರಿಪೋರ್ಟಿನಲ್ಲೂ ಎರಡೂ ಇರುತ್ತವೆ: ಕಟ್ಟಡದ ಬೆಲೆ, ಅದರ ಉಳಿದ ಆಯುಷ್ಯ. ಹೋಮ್ ಲೋನ್ ತಗೊಂಡವರಿಗೆಲ್ಲ ಆತ ಗೊತ್ತು. ಟೇಪು ಹಿಡಿದು ಬಂದು, ನಾಲ್ಕು ಫೋಟೋ ತೆಗೆದು, ಚಹಾ ಬೇಡ ಅಂದು ಹೋಗುವ ಮನುಷ್ಯ.

ಆತನ ಪೂರ್ವಜರು ಅಳೆದದ್ದು ಮನೆಯನ್ನಲ್ಲ, ಹೊಲವನ್ನು. 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್ ಉಸ್ತುವಾರಿಯಲ್ಲಿ ಬ್ರಿಟಿಷರ ಧಾರವಾಡ ಸೀಮೆಯ ಸರ್ವೆ ನಡೆಯಿತು. ಮಣ್ಣಿನ ಬಣ್ಣ, ಆಳ, ದೋಷ ನೋಡಿ ಆಣೆ ಲೆಕ್ಕದಲ್ಲಿ ದರ್ಜೆ ಕೊಡುತ್ತಿದ್ದರು. ಒಳ್ಳೆ ಎರೆಹೊಲಕ್ಕೆ ಹದಿನಾರಾಣೆ. ಸರಪಳಿ 33 ಅಡಿ; ಅದರ ಒಂದು ಚೌಕವೇ ಗುಂಟೆ. 1,089 ಚದರಡಿ ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಸೈಟ್ ಕೊಳ್ಳುವಾಗ ತಲೆ ಕೆರೆದುಕೊಂಡಿದ್ದರೆ, ಉತ್ತರ ಇದು.

ಗದಗ, ಮುಂಡರಗಿ ಬ್ರಿಟಿಷರ ಕೈಯಲ್ಲಿದ್ದವು. ಪಕ್ಕದ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಅಲ್ಲಿನ ಕಚೇರಿ ಬೇರೆ, ದಫ್ತರ ಬೇರೆ. 1948ರಲ್ಲಿ ಇವು ಮುಂಬೈ ಪ್ರಾಂತಕ್ಕೆ ಸೇರಿದವು, 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಗದಗ ಜಿಲ್ಲೆಗೆ. ಮನೆ ಜಾಗ ಬಿಟ್ಟು ಕದಲದೆ ಯಜಮಾನ ಇಷ್ಟು ಸರ್ಕಾರ ಕಂಡ. ಹಳೇ ಪೆಟ್ಟಿಗೆಯಿಂದ ಮೋಡಿ ಲಿಪಿಯ ಮರಾಠಿ ಕಾಗದ ಹೊರಬಂದರೆ ಸಿವಿಲ್ ಎಂಜಿನಿಯರಿಂಗ್ ಸಿಲೆಬಸ್ಸು ಸಹಾಯಕ್ಕೆ ಬರೋದಿಲ್ಲ. ಹಕ್ಕಿನ ವಿಚಾರ ವಕೀಲರದು, ನಿಜ. ಆದರೆ ಕಾಗದದ ಚಕ್ಕುಬಂದಿ ಸ್ಥಳದ ಜೊತೆ ತಾಳೆಯಾಗುತ್ತದೋ ಇಲ್ಲವೋ ನೋಡೋದು ವ್ಯಾಲ್ಯುವರನ ಪಾಲಿಗೇ ಬರುತ್ತದೆ.

ಈ ಕೆಲಸಕ್ಕೆ ಸರ್ಕಾರಿ ಮುದ್ರೆ ಬಂದದ್ದು ತೆರಿಗೆಯ ದೆಸೆಯಿಂದ. 1957ರ ಸಂಪತ್ತು ತೆರಿಗೆ ಕಾಯ್ದೆಗೆ 1972ರಲ್ಲಿ ತಿದ್ದುಪಡಿಯಾಗಿ ‘ನೋಂದಾಯಿತ ಮೌಲ್ಯಮಾಪಕ’ ಹುಟ್ಟಿದ. 2016ರಿಂದ ಆ ತೆರಿಗೆಯೇ ಇಲ್ಲ. ಈಗಿನ ದಾರಿ 2013ರ ಕಂಪನಿ ಕಾಯ್ದೆಯ 247ನೇ ಸೆಕ್ಷನ್ ಮತ್ತು 2017ರ ನಿಯಮಗಳದ್ದು. ಸಿವಿಲ್ ಪದವಿ, ಐದು ವರ್ಷದ ಅನುಭವ, 50 ತಾಸಿನ ಕೋರ್ಸು, ಆಮೇಲೆ ಎರಡು ತಾಸಿನ ಪರೀಕ್ಷೆ. ಪಾಸಾಗಲು ಶೇ. 60 ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೀತಾರೆ. ನೋಂದಣಿ ಕೊಡೋದು ದೆಹಲಿಯ ದಿವಾಳಿತನ ಮಂಡಳಿ. ಮನೆಯ ಬೆಲೆ ಕಟ್ಟೋರಿಗೆ ಇದಕ್ಕಿಂತ ಶುಭಶಕುನ ಬೇರೆ ಸಿಗಲಿಲ್ಲ ಅನಿಸುತ್ತೆ!

ಪರೀಕ್ಷೆ ಸವಕಳಿಯ ಸೂತ್ರ ಕಲಿಸುತ್ತದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ಹಳೇ ಮಾಳಿಗೆ ಮನೆ ನೆನೆಸಿಕೊಳ್ಳಿ: ಎರಡಡಿ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ಜಂತಿ, ಪಡಸಾಲೆಯಲ್ಲಿ ಮಗ್ಗದ ಕುಣಿ. ಸೂತ್ರದ ಪ್ರಕಾರ ಅದರ ಆಯುಷ್ಯ ಮುಗಿದು ದಶಕಗಳಾಗಿವೆ, ಸಾಮಾನ್ಯವಾಗಿ ಶೇ. 10ರಷ್ಟು ಗುಜರಿ ಬೆಲೆ ಉಳಿಸುತ್ತಾರೆ. ಆದರೆ ಆ ಸಾಗವಾನಿಯನ್ನು ಬಿಚ್ಚಿ ಮಾರಿದರೆ ಎಷ್ಟು ಬರುತ್ತದೆ ಅಂತ ಊರಿನ ಬಡಿಗೇರನಿಗೆ ಗೊತ್ತು. ಒಳ್ಳೆ ವ್ಯಾಲ್ಯುವರ್ ಆತನನ್ನೂ ಕೇಳುತ್ತಾನೆ. ಕೇಳದವನು ಸೊನ್ನೆ ಹತ್ತಿರದ ಅಂಕಿ ಬರೆದು ಸಹಿ ಹಾಕಿದರೆ, ಆ ಮನೆಯ ಮಗನಿಗೆ ಸಿಗುವ ಸಾಲ ಅಷ್ಟು ಕಡಿಮೆ.

ಸಾಲ ಆದರೂ ನಾವು ಕೇಳಿದ್ದು. ಕೇಳದೇ ಬೆಲೆ ಕಟ್ಟಿಸಿಕೊಂಡವರು ಮುಂಡರಗಿ ತಾಲ್ಲೂಕಿನಲ್ಲಿದ್ದಾರೆ. ತುಂಗಭದ್ರೆಗೆ ಹಮ್ಮಿಗಿ ಹತ್ತಿರ ಬ್ಯಾರೇಜು ಬಂದಾಗ ಬಿದರಹಳ್ಳಿ, ಗುಮ್ಮಗೋಳ, ವಿಠಲಾಪುರ ಮುಳುಗಡೆ ಪಟ್ಟಿಗೆ ಸೇರಿದವು. ಇಂಥ ಕಡೆ ಲೆಕ್ಕ ಹಾಕುವವನು ಬ್ಯಾಂಕಿನವನಲ್ಲ, ಸರ್ಕಾರದ ಎಂಜಿನಿಯರ್. 1894ರ ಭೂಸ್ವಾಧೀನ ಕಾಯ್ದೆಯಲ್ಲಿ, 1984ರ ತಿದ್ದುಪಡಿಯ ನಂತರ, ಮಾರುಕಟ್ಟೆ ಬೆಲೆಯ ಮೇಲೆ ಶೇ. 30 ಸಾಂತ್ವನ ಧನ ಸಿಗುತ್ತಿತ್ತು. 2013ರ ಕಾಯ್ದೆ ಅದನ್ನು ಶೇ. 100ಕ್ಕೆ ಏರಿಸಿತು. ಹಳೇ ಕಾಯ್ದೆಯಲ್ಲಿ ಮನೆ ಬಿಟ್ಟವರ ಸಂಕಟ ಶೇ. 70ರಷ್ಟು ಕಡಿಮೆ ಇತ್ತೇನು? ಪಡಸಾಲೆ, ದನದ ಕೊಟ್ಟಿಗೆ, ಬಚ್ಚಲು ಎಲ್ಲಕ್ಕೂ ದರಪಟ್ಟಿಯಲ್ಲಿ ದರ ಹುಡುಕಬಹುದು. ಕಟ್ಟೆ ಮೇಲೆ ಕೂತು ಮಾತಾಡುವ ನೆರೆಯವರು ಹೊಸ ಊರಿನಲ್ಲಿ ಯಾವ ಓಣಿಗೆ ಹೋದರು ಅನ್ನೋದಕ್ಕೆ ಕಾಲಮ್ಮಿಲ್ಲ.